ಬುದ್ಧಿ ಇರುವುದು ತಲೆಯೊಳಗೆ ಮಾತ್ರವೇ?

(ಸಂಘದ ಸ್ಥಾಪನಾ ದಿನಾಚರಣೆಯ ಅಂಗವಾಗಿ ಸಟನ್ನಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ "ಡಾಕ್ಟ್ರೇ, ಈ ಸಲ ನೀವು ಒಂದು ಹತ್ತು ನಿಮಿಷ ಮಾತಾಡಬೇಕು" ಎಂದಾಗ ಸಕ್ಕರೆ ಕಾಯಿಲೆಯ ಬಗ್ಗೆ ಇರಬೇಕೆಂದು ಒಪ್ಪಿಕೊಂಡೆ. ಆಮೇಲೆ ಇವತ್ತಿನ ಊಟಕ್ಕೆ ಹೋಳಿಗೆ ಇದೆ ಎಂದು ತಿಳಿಯಿತು. ಹೋಳಿಗೆ ಬಡಿಸುವ ಮುಂಚೆ ಸಕ್ಕರೆ ಕಾಯಿಲೆಯ ಮಾತು ತೆಗೆದವನನ್ನು ಯಾವ ಸಂಘದವರೂ ಎರಡನೆಯ ಸಲ ಕರೆಯುವುದಿಲ್ಲ. ಆದ್ದರಿಂದ ವಿಷಯ ಬದಲಾಯಿಸಿದ್ದೇನೆ. ನಾನು ಸಾಹಿತಿಯಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ, ಸಾಮಾನ್ಯ ವೈದ್ಯ. ನಾನೇ ಮಾಡಿದ ಒಂದು ತಪ್ಪನ್ನು ಹೇಳಲು ಬಂದಿದ್ದೇನೆ. ಅಲ್ಲಿಗೆ ಹೋಗುವ ದಾರಿ ಸ್ವಲ್ಪ ಸುತ್ತುಬಳಸು, ಸಹಿಸಿಕೊಳ್ಳಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಎಂ.ಬಿ.ಬಿ.ಎಸ್. ಮುಗಿಸಿ ಮೆಡಿಸಿನ್ ವಿಭಾಗದಲ್ಲಿ ರೆಸಿಡೆಂಟ್ ಆಗಿದ್ದೆ. ಹೆಗ್ಗಡದೇವನಕೋಟೆಯ ಕಡೆಯ ವಯಸ್ಸಾದ ರೈತರೊಬ್ಬರನ್ನು ಜ್ವರಕ್ಕೆ ಸೇರಿಸಿದ್ದರು. "ನಮ್ಮಪ್ಪ ಎಲ್ಡು ದಿನದಿಂದ ಏನೇನೋ ಮಾತಾಡ್ತದೆ ಸಾ" ಎಂದ ಮಗ. ಜ್ವರ ಇಳಿದ ಮೇಲೆ ಬುದ್ಧಿ ತಿಳಿಯಾಗಿದೆಯೇ ಎಂದು ನೋಡಬೇಕಿತ್ತು. ಪುಸ್ತಕದಲ್ಲಿ ಇದ್ದಂತೆ ನೂರರಲ್ಲಿ ಏಳು ಕಳೆಯಿರಿ ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಇನ್ನೊಮ್ಮೆ ಕೇಳಿದೆ, ಅದೇ ಮೌನ. ಲೆಕ್ಕ ಮಾಡಲಾರರು ಎಂದು ಕೇಸ್ ಶೀಟಿನಲ್ಲಿ ಬರೆಯಹೊರಟೆ. ಪಕ್ಕದಲ್ಲಿದ್ದ ಸಿಸ್ಟರ್, ಮೂವತ್ತು ವರ್ಷ ಸರ್ವಿಸ್ ಆದವರು, "ಹಂಗೆ ಕೇಳಿದ್ರೆ ಹೆಂಗೆ ಡಾಕ್ಟ್ರೇ?" ಎಂದು ಮುಂದೆ ಬಂದರು. "ಯಜಮಾನ್ರೇ, ನೂರು ರೂಪಾಯಿ ನೋಟು ಕೊಟ್ಟು ಏಳು ರೂಪಾಯಿ ಹೊಗೆಸೊಪ್ಪು ತಗೊಂಡ್ರೆ ಚಿಲ್ಲರೆ ಎಷ್ಟು ಬರ್ಬೇಕು?" ತಟ್ಟನೆ ಉತ್ತರ ಬಂತು: "ತೊಂಬತ್ಮೂರು. ಆದ್ರೆ ಏಳು ರೂಪಾಯ್ಗೆ ಹೊಗೆಸೊಪ್ಪು ಎಲ್ಲಿ ಕೊಡ್ತಾರೆ ತಾಯಿ?" ಹೊಗೆಸೊಪ್ಪು ಬೆಳೆಯುವ ಸೀಮೆಯವರಿಗೆ ಅದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ನಾವೆಲ್ಲ ನಕ್ಕೆವು. ಒಳ್ಳೆಯ ತಮಾಷೆ ಎಂದುಕೊಂಡು ನಾನು ಅದನ್ನು ಮರೆತೂಬಿಟ್ಟೆ. ಅದರಿಂದ ಕಲಿಯಬೇಕಾದ್ದನ್ನು ಕಲಿಯಲಿಲ್ಲ.

ಇಂಥದೇ ಸಂಗತಿಯನ್ನು ಬ್ರೆಜಿಲ್ ದೇಶದ ರೆಸೀಫೆ ಎಂಬ ಊರಿನಲ್ಲಿ ಮೂವರು ಸಂಶೋಧಕರು ಕ್ರಮವಾಗಿ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಅವರಲ್ಲಿ ಒಬ್ಬರಾದ ತೆರೆಜಿನಾ ನೂನೆಸ್ ಮುಂದೆ ಇಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು. ಬೀದಿಯಲ್ಲಿ ಎಳನೀರು, ಹಣ್ಣು ಮಾರುವ 9ರಿಂದ 15 ವರ್ಷದ ಐದು ಮಕ್ಕಳ ಹತ್ತಿರ ಇವರು ಗಿರಾಕಿಗಳಂತೆ ಹೋದರು. ಕಾಯಿಗೆ 35ರಂತೆ ಹತ್ತು ಕಾಯಿಗೆ ಎಷ್ಟು? ಶಾಲೆ ಕಲಿತವರಾದರೆ ಒಂದು ಸೊನ್ನೆ ಸೇರಿಸಿ ಮುಗಿಸುತ್ತೇವೆ. ಆ ಹುಡುಗ ಮೂರಕ್ಕೆ 105, ಇನ್ನು ಮೂರಕ್ಕೆ 210, ಇನ್ನು ಮೂರಕ್ಕೆ 315, ಉಳಿದ ಒಂದಕ್ಕೆ 35, ಒಟ್ಟು 350 ಎಂದು ಬಾಯಲ್ಲೇ ಹೇಳಿದ. ನಮ್ಮೂರ ಸಂತೆಯ ವೀಳ್ಯದೆಲೆಯ ಅಜ್ಜಿ ಕವಳಿ ಎಣಿಸಿದ ಹಾಗೆಯೇ. ಅಂಗಡಿಯ ಮುಂದೆ ಆ ಮಕ್ಕಳ ಉತ್ತರ ನೂರಕ್ಕೆ 98ರಷ್ಟು ಸರಿ. ಅದೇ ಲೆಕ್ಕಗಳನ್ನು ಕಾಗದ ಪೆನ್ಸಿಲ್ ಕೊಟ್ಟು, ಬರೀ ಅಂಕಿಗಳಾಗಿ ಕೇಳಿದಾಗ ಸರಿಯಾದದ್ದು ನೂರಕ್ಕೆ 37. ಮಕ್ಕಳು ಅವರೇ, ತಲೆಯೂ ಅದೇ.

ಐದೇ ಮಕ್ಕಳಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಇದನ್ನು ನೋಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ತರಕಾರಿ ಮಾರುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಗಟ್ಟಿ, ಶಾಲೆಯ ಲೆಕ್ಕದಲ್ಲಿ ಹಿಂದೆ. ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು ಇನ್ನೊಂದು ಪಕ್ಕ: ಕೆಲಸ ಮಾಡದೆ ಶಾಲೆಗೆ ಮಾತ್ರ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ಮಾರುಕಟ್ಟೆಯ ಲೆಕ್ಕಕ್ಕೆ ತಡವರಿಸಿದರು. ಕಲಿತದ್ದು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಬೇರೆ ಕಡೆ ನೆಡುವುದು ನಾವಂದುಕೊಂಡಷ್ಟು ಸುಲಭವಲ್ಲ.

ನಾವು ಇಲ್ಲಿ ಕುಳಿತವರೆಲ್ಲ ಕಿತ್ತು ನೆಟ್ಟವರೇ. ಈಗ ನನ್ನ ವಿಷಯಕ್ಕೆ ಬರುತ್ತೇನೆ.

ತಂದೆಯವರು ತೀರಿಕೊಂಡ ಮರುವರ್ಷ, 2022ರ ಮೇ ತಿಂಗಳಲ್ಲಿ, ನಮ್ಮ ತಾಯಿಯನ್ನು ಹೊಳೆನರಸೀಪುರದಿಂದ ಆರು ತಿಂಗಳ ವೀಸಾದಲ್ಲಿ ಕರೆದುಕೊಂಡು ಬಂದೆ. ಆಗ ಅವರಿಗೆ 71. ಏಳನೆಯ ತರಗತಿಯವರೆಗೆ ಓದಿದವರು. ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಯಾರ ಮನೆಯ ಮದುವೆಗೆ ಎಷ್ಟು ಮುಯ್ಯಿ ಮಾಡಿದ್ದು ಎಂಬ ಲೆಕ್ಕ ಎಲ್ಲವೂ ಬಾಯಲ್ಲೇ. ಅಂಥವರು ಸಟನ್ನಿಗೆ ಬಂದು ಮೂರು ವಾರಕ್ಕೆ ಬೇರೆಯವರಾದರು. ಹೇಳಿದ್ದನ್ನೇ ಹೇಳುವುದು. ಒಲೆಯ ಯಾವ ಗುಂಡಿ ಯಾವ ಉರಿಗೆ ಎಂದು ದಿನವೂ ಕೇಳುವುದು. ಒಂದು ಮಧ್ಯಾಹ್ನ ಬೀದಿಯ ಕೊನೆಯ ಪೋಸ್ಟ್ ಬಾಕ್ಸಿನವರೆಗೆ ನಡೆದು ಹೋದವರು ಮನೆ ಗುರುತು ಸಿಗದೆ ಮುಕ್ಕಾಲು ಗಂಟೆ ಅಲೆದರು. ಪಕ್ಕದ ಮನೆಯ ಪೋಲಿಷ್ ಹೆಂಗಸು ಸೀರೆ ನೋಡಿ ಗುರುತಿಸಿ ಕರೆತಂದಳು. ಆಮೇಲೆ ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ಕಿಟಕಿಯ ಪಕ್ಕ ಕುಳಿತಿರುವುದು, ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ.

ಮಗ ವೈದ್ಯನಾದರೆ ತಾಯಿಗೆ ಸುಖವಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮುಂದೆ ಅವರನ್ನು ಕೂರಿಸಿಕೊಂಡು ನೆನಪಿನ ಪರೀಕ್ಷೆ ಮಾಡಿದೆ. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿಗಳು ಮತ್ತು ಮಕ್‌ಹ್ಯೂ ರೂಪಿಸಿದ, 30 ಅಂಕದ, ಪ್ರಪಂಚದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಾದ ಪರೀಕ್ಷೆ ಅದು. ನನಗೆ ಬಾಯಿಪಾಠ.

"ಅಮ್ಮಾ, ಇವತ್ತು ಎಷ್ಟನೇ ತಾರೀಖು?"
"ತಾರೀಖು ಕಟ್ಕೊಂಡು ಏನಾಗ್ಬೇಕೋ. ಇವತ್ತು ಪ್ರಥಮ ಏಕಾದಶಿ, ನಂದು ಉಪವಾಸ."
ತಾರೀಖಿಗೆ ಸೊನ್ನೆ.
"ಇದು ಯಾವ ವರ್ಷ?"
"ಶುಭಕೃತು."
ಸೊನ್ನೆ.
"ಈಗ ಯಾವ ಕಾಲ ನಡೀತಿದೆ?"
"ಆಷಾಢ ಅಲ್ವೇನೋ, ಮಳೆಗಾಲ."

ಇಂಗ್ಲೆಂಡಿನ ನಾಲ್ಕು ಋತುಗಳಲ್ಲಿ ಮಳೆಗಾಲ ಎಂಬುದೇ ಇಲ್ಲ. ವರ್ಷಪೂರ್ತಿ ಮಳೆಯಾದರೂ ಅದಕ್ಕೊಂದು ಹೆಸರಿಟ್ಟಿಲ್ಲ! ಅದಕ್ಕೂ ಸೊನ್ನೆ. ‘ವರ್ಲ್ಡ್’ ಎಂಬ ಇಂಗ್ಲಿಷ್ ಪದದ ಐದು ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿಸಬೇಕು. ಕನ್ನಡದಲ್ಲಿ ‘ಪ್ರಪಂಚ’ ಎಂದು ಕೊಟ್ಟೆ. ನಮ್ಮಲ್ಲಿ ಅದು ಮೂರೇ ಅಕ್ಷರ. ಐದು ಅಂಕ ಹೇಗೆ ಹಂಚುವುದು? ಅವರು "ಇದೇನೋ ಹುಡುಗಾಟ" ಎಂದು ನಕ್ಕುಬಿಟ್ಟರು. ಒಂದರ ಮೇಲೊಂದು ಹಾಯುವ ಎರಡು ಪಂಚಕೋನಗಳನ್ನು ನೋಡಿ ಬರೆಯಬೇಕು. ಪೆನ್ಸಿಲ್ ಹಿಡಿದ ಕೈ ನಡುಗಿ ಎರಡು ಗೆಡ್ಡೆಗಳ ಹಾಗೆ ಏನೋ ಆಯಿತು. ಒಟ್ಟು 18. 24ಕ್ಕಿಂತ ಕಡಿಮೆಯಾದರೆ ಮರೆಗುಳಿ ರೋಗದ ಅನುಮಾನ ಪಡಬೇಕೆಂದು ನಾನೇ ಕಿರಿಯ ವೈದ್ಯರಿಗೆ ಹೇಳಿಕೊಡುವವನು. ಆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣನಿಗೆ ಫೋನ್ ಮಾಡಿ, ಅಮ್ಮನಿಗೆ ಡಿಮೆನ್ಷಿಯಾ ಶುರುವಾಗಿದೆ, ಮನೆ ಮಾರುವ ಬಗ್ಗೆ ಯೋಚಿಸೋಣ ಎಂದೂ ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಆಸ್ಪತ್ರೆಗೆ ಹೊರಟಾಗ ಬಾಗಿಲ ಮುಂದೆ ದ್ವಾದಶಿಯ ರಂಗೋಲಿ. ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಯುವುದು, ಒಂದು ಚುಕ್ಕಿ ತಪ್ಪಿಲ್ಲ, ಒಂದು ಎಳೆ ಬಿಟ್ಟಿಲ್ಲ. ಯಾವ ಪುಸ್ತಕವನ್ನೂ ನೋಡಿ ಹಾಕಿದ್ದಲ್ಲ. ಅದನ್ನು ತುಳಿಯದಂತೆ ದಾಟಿಕೊಂಡು ಕಾರಿನಲ್ಲಿ ಕುಳಿತೆ, ಗಾಡಿ ಸ್ಟಾರ್ಟ್ ಮಾಡಲು ಆಗಲಿಲ್ಲ. ಹಿಂದಿನ ದಿನ ಎರಡು ಪಂಚಕೋನ ಬರೆಯಲಾರದ ಕೈ ಇದೇ ತಾನೇ?

ಸಂಜೆ ನನ್ನ ಶ್ರೀಮತಿಗೆ ಇದನ್ನೆಲ್ಲ ಹೇಳಿದೆ. ಆಕೆ ವೈದ್ಯಳಲ್ಲ. "ಅಮ್ಮ ಬೆಳಿಗ್ಗೆಯಿಂದ ಸಂಜೆವರೆಗೆ ಯಾರ ಹತ್ರ ಮಾತಾಡ್ತಾರೆ ಹೇಳಿ" ಎಂದಳು. ಅಷ್ಟೇ.

ಯಾರ ಹತ್ತಿರವೂ ಇಲ್ಲ. ಏಕಿಲ್ಲ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಮ್ಮ ಮಗ ಮೂರು ವರ್ಷದವನಿದ್ದಾಗ ಅವನಿಗೆ ಮಾತು ಸ್ವಲ್ಪ ತಡವಾಯಿತು. ಅವನು ಹೋಗುತ್ತಿದ್ದ ನರ್ಸರಿಯಲ್ಲಿ, ಬಹಳ ಪ್ರೀತಿಯಿಂದಲೇ, ಎರಡು ಭಾಷೆ ಸೇರಿ ಮಗುವಿಗೆ ಗೊಂದಲವಾಗುತ್ತಿದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದರು. ನಾವು ಓದಿದವರು, ಹೆದರಿದೆವು, ಹಾಗೇ ಮಾಡಿದೆವು. ಎರಡು ಭಾಷೆ ಕೇಳುವುದರಿಂದ ಮಗುವಿಗೆ ಮಾತಿನ ತೊಂದರೆ ಬರುವುದಿಲ್ಲ, ತಂದೆತಾಯಿ ತಮಗೆ ಚೆನ್ನಾಗಿ ಬರುವ ಭಾಷೆಯನ್ನೇ ಆಡಬೇಕು ಎಂದು ವಾಕ್ ಚಿಕಿತ್ಸಕರು ಹೇಳುತ್ತಾರೆ. ಆಗಲೂ ಅದು ತಿಳಿದ ವಿಷಯವೇ. ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಮಗು ಐದು ವರ್ಷಕ್ಕೆ ಪಟಪಟನೆ ಇಂಗ್ಲಿಷ್ ಮಾತನಾಡಿತು. ಅಜ್ಜಿ ಬರುವ ಹೊತ್ತಿಗೆ ಅವನಿಗೆ ಒಂಬತ್ತು. ಕನ್ನಡದಲ್ಲಿ ಬರುತ್ತಿದ್ದದ್ದು ‘ಬೇಡ’ ಮತ್ತು ‘ಸಾಕು’. ನಾವಿಬ್ಬರೂ ಕೆಲಸಕ್ಕೆ ಹೋದರೆ ಸಂಜೆ ಏಳಕ್ಕೆ ಬರುವುದು. ಜೀವನವೆಲ್ಲ ಜಗಲಿಯ ಮೇಲೆ ಹತ್ತು ಜನರ ನಡುವೆ ಯೋಚನೆ ಮಾಡಿದ ಹೆಂಗಸಿಗೆ ಹತ್ತು ಗಂಟೆ ಮೌನ. ಅವರ ಮಂಕುತನಕ್ಕೆ ಬೇಕಾದ ಪರಿಸರವನ್ನು ನಾನೇ ಕಟ್ಟಿಕೊಟ್ಟು, ಆಮೇಲೆ ನಾನೇ ಅಂಕ ಹಾಕಿದ್ದೆ.

ಅದೇ ಬೇಸಿಗೆ ಮಗನಿಗೆ ಮುಂದಿನ ವರ್ಷದ ಗ್ರಾಮರ್ ಶಾಲೆ ಪರೀಕ್ಷೆಯ ತಯಾರಿ. ಈ ಸಭೆಯಲ್ಲಿ ಅದನ್ನು ವಿವರಿಸಬೇಕಾಗಿಲ್ಲ. ಸಟನ್ ಬರೋದಲ್ಲಿ ಐದು ಗ್ರಾಮರ್ ಶಾಲೆಗಳಿವೆ: ಸಟನ್ ಗ್ರಾಮರ್, ವಿಲ್ಸನ್ಸ್, ವಾಲಿಂಗ್‌ಟನ್ ಕೌಂಟಿ, ಹುಡುಗಿಯರಿಗೆ ನಾನ್‌ಸಚ್ ಮತ್ತು ವಾಲಿಂಗ್‌ಟನ್ ಹೈಸ್ಕೂಲ್. ನಮ್ಮಲ್ಲಿ ಎಷ್ಟೋ ಜನ ಇಲ್ಲಿ ಮನೆ ಮಾಡಿದ್ದೇ ಅದಕ್ಕಾಗಿ. ಹತ್ತು ವರ್ಷದ ಮಕ್ಕಳು ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕುಳಿತು ಬರೆಯುತ್ತಾರೆ. ಮಗ ಅಭ್ಯಾಸದ ಪುಸ್ತಕದಿಂದ ಗುಂಪಿಗೆ ಸೇರದ ಪದ ಹುಡುಕುತ್ತಿದ್ದ: ತಟ್ಟೆ, ಸೌಟು, ಪಾತ್ರೆ, ಅಕ್ಕಿ. ಅಜ್ಜಿಗೆ ಹೇಳು ಎಂದು ನಾನು ಕನ್ನಡ ಮಾಡಿಕೊಟ್ಟೆ. "ಯಾವುದೂ ಬಿಡಕ್ಕಾಗಲ್ಲ ಕಣೋ ಮಗೂ. ಅಕ್ಕಿ ಇಲ್ದೆ ಪಾತ್ರೆ ಇಟ್ಕೊಂಡು ಏನು ಮಾಡ್ತೀಯ?" ಎಂದರು. ಅವನು ಬಿದ್ದು ಬಿದ್ದು ನಕ್ಕ.

ನಾನು ನಗಲಿಲ್ಲ. ಏಕೆಂದರೆ ಇದು ಎಲ್ಲಿಯೋ ಓದಿದ ಹಾಗಿತ್ತು. ಹುಡುಕಿದೆ. ರಷ್ಯದ ಅಲೆಕ್ಸಾಂಡರ್ ಲೂರಿಯ, ಗೆಳೆಯ ವೈಗೋಟ್ಸ್‌ಕಿಯ ಜೊತೆ ಯೋಜನೆ ಹಾಕಿ, 1931 ಮತ್ತು 1932ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿದ್ದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ: ಇವುಗಳಲ್ಲಿ ಸೇರದ್ದು ಯಾವುದು? ಶಾಲೆ ಕಾಣದ ರೈತರು ಎಲ್ಲವೂ ಬೇಕು, ದಿಮ್ಮಿ ಇಲ್ಲದಿದ್ದರೆ ಗರಗಸಕ್ಕೆ ಏನು ಕೆಲಸ ಎಂಬ ಅರ್ಥದ ಉತ್ತರ ಕೊಟ್ಟರು. ಒಂದೆರಡು ವರ್ಷ ಶಾಲೆಗೆ ಹೋಗಿದ್ದವರು ‘ಉಪಕರಣ’ ಎಂದು ಗುಂಪು ಮಾಡಿದರು. ಆ ಬರಹ ರಷ್ಯದಲ್ಲೇ ಪುಸ್ತಕವಾಗಿ ಹೊರಬಂದದ್ದು 1974ರಲ್ಲಿ. ಲೂರಿಯ ಮೊದಲನೆಯ ಬಗೆಯ ಯೋಚನೆಯನ್ನು ಸ್ವಲ್ಪ ಕೆಳಗಿನ ಮೆಟ್ಟಿಲು ಎಂದೇ ಕಂಡರು. ಅಲ್ಲಿ ನನಗೆ ಅವರೊಡನೆ ಒಪ್ಪಿಗೆ ಇಲ್ಲ. ನಮ್ಮ ತಾಯಿಗೆ ಪಾತ್ರೆಗಳ ಗುಂಪು ಮಾಡಲು ಬಾರದೆ ಏನಲ್ಲ. ಶ್ರಾದ್ಧದ ದಿನ ಯಾವ ಪಾತ್ರೆ ಮಡಿಗೆ, ಯಾವುದು ಮೈಲಿಗೆಗೆ ಎಂದು ಅವರಂತೆ ವಿಂಗಡಿಸಬಲ್ಲವರು ಬೇರೆ ಇಲ್ಲ. ಅಕ್ಕಿಯನ್ನು ಪಾತ್ರೆಯಿಂದ ಬೇರೆ ಮಾಡುವ ಪ್ರಶ್ನೆ ಬದುಕಿನಲ್ಲಿ ಅವರಿಗೆ ಎದುರಾಗಿರಲಿಲ್ಲ, ಅಷ್ಟೇ. ಶಾಲೆ ಎಂಬುದೂ ಒಂದು ಊರು. ಆ ಊರಿನ ರೂಢಿ ಅಲ್ಲಿ ಇದ್ದವರಿಗೆ ಗೊತ್ತು.

ಈ ಮಾತನ್ನು ತಮಾಷೆಯಾಗಿ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಲಂಡನ್ನಿನಲ್ಲಿ ನಮಗಿಂತ ಮುಂಚೆ ಬಂದವರು ಇದಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ. 1960ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳ ಎಷ್ಟೋ ಮಕ್ಕಳನ್ನು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಕಡಿಮೆ ಬಂತೆಂದು ಮಂದಬುದ್ಧಿಯವರ ವಿಶೇಷ ಶಾಲೆಗಳಿಗೆ ಸಾಗಿಸಲಾಯಿತು. ಅಂಥ ಶಾಲೆಗಳಲ್ಲಿ ಪಾಠ ಹೇಳಿದ್ದ ಗ್ರೆನಡಾದ ಬರ್ನಾರ್ಡ್ ಕೋರ್ಡ್ ಎಂಬ ತರುಣ 1971ರಲ್ಲಿ ಒಂದು ಸಣ್ಣ ಪುಸ್ತಕ ಬರೆದ: ಪರೀಕ್ಷೆಯ ಭಾಷೆ, ಅದರಲ್ಲಿನ ಜಗತ್ತು, ಕೇಳುವವರ ಮುಖ, ಎಲ್ಲವೂ ಆ ಮಕ್ಕಳಿಗೆ ಪರಕೀಯ, ಕೊರತೆ ಇರುವುದು ಮಕ್ಕಳಲ್ಲಲ್ಲ ಎಂದು. ತಂದೆತಾಯಂದಿರು ಎಚ್ಚೆತ್ತರು, ಶನಿವಾರದ ಶಾಲೆಗಳನ್ನು ತಾವೇ ನಡೆಸಿದರು. ಆ ವರ್ಗೀಕರಣ ಕಾನೂನಿನಿಂದ ಹೋದದ್ದು 1981ರ ಶಿಕ್ಷಣ ಕಾಯಿದೆಯಿಂದ. ನಮ್ಮ ಮಕ್ಕಳು ಈ ದೇಶದಲ್ಲಿ ‘ಜಾಣರು’ ಎಂದು ಹೆಸರು ಪಡೆದಿದ್ದಾರೆ, ಸಂತೋಷ. ಆದರೆ ಇಬ್ಬರು ಓದಿದ ತಂದೆತಾಯಿ, ಅಭ್ಯಾಸ ಪುಸ್ತಕ, ವಾರಕ್ಕೆರಡು ದಿನ ಟ್ಯೂಷನ್, ಇವೂ ಆ ಜಾಣತನದ ಭಾಗವೇ ಎಂಬುದನ್ನು ನಾನು ನೆನಪಿಟ್ಟುಕೊಳ್ಳಲು ಪ್ರಯತ್ನಿಸುತ್ತೇನೆ. ಪರೀಕ್ಷೆ ಕೆಟ್ಟದ್ದೆಂದು ಹೇಳುತ್ತಿಲ್ಲ. ಮಗನನ್ನು ಕೂರಿಸಿದವನೇ ನಾನು. ಫಲಿತಾಂಶ ಏನಾಯಿತೆಂದು ಕೇಳಬೇಡಿ, ಅವನು ಇಲ್ಲೇ ಕುಳಿತಿದ್ದಾನೆ.

ಅಕ್ಟೋಬರಿನಲ್ಲಿ ತಾಯಿಯನ್ನು ಊರಿಗೆ ಬಿಡಲು ಹೋದೆ. ನಾವು ಇಲ್ಲಿ ಇದ್ದ ಆರು ತಿಂಗಳಲ್ಲಿ ಈ ದೇಶ ಒಬ್ಬ ರಾಣಿಯನ್ನು ಕಳೆದುಕೊಂಡು, ಮೂವರು ಪ್ರಧಾನಿಗಳನ್ನು ಕಂಡಿತ್ತು. ಆಗ ‘ಪ್ರಧಾನಮಂತ್ರಿ ಯಾರು’ ಎಂದು ಕೇಳಿದ್ದರೆ ಆಸ್ಪತ್ರೆಯ ಅರ್ಧ ಸಿಬ್ಬಂದಿ ತಪ್ಪುತ್ತಿದ್ದರು! ಹೊಳೆನರಸೀಪುರದ ಮನೆಯ ಬೀಗ ತೆಗೆದ ಮೂರನೆಯ ದಿನಕ್ಕೆ ಅಮ್ಮ ಮತ್ತೆ ಅಮ್ಮನಾದರು. ಸೊಪ್ಪಿನವಳ ಜೊತೆ ಚೌಕಾಸಿ, ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಕ್ಕೆ ಒಬ್ಬರೇ ಹೋಗಿ ಬರುವುದು, ಬಂದ ನೆಂಟರಿಗೆಲ್ಲ ಲಂಡನ್ನಿನ ವರ್ಣನೆ. ದಾರಿ ಕೇಳಿದವರಿಗೆ "ಹೊಂಗೆ ಮರದ ಹತ್ರ ಎಡಕ್ಕೆ, ಸೈಕಲ್ ಶಾಪಿನ ಎದುರು" ಎಂದು ಹೇಳುವ ಅವರಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಸಟನ್ನಿನ ಮನೆಗಳು ಹೇಗೆ ಗುರುತು ಸಿಗಬೇಕು? ಲಂಡನ್ನಿನ ಕಪ್ಪು ಟ್ಯಾಕ್ಸಿಯವರು ಚೇರಿಂಗ್ ಕ್ರಾಸ್ ಸುತ್ತಿನ ಸಾವಿರಾರು ಬೀದಿಗಳನ್ನು ವರ್ಷಗಟ್ಟಲೆ ಕಲಿಯುತ್ತಾರಲ್ಲ, ಅವರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿತ್ತೆಂದು ಎಲಿನರ್ ಮಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಊರು ಮನುಷ್ಯನ ಮಿದುಳಿನೊಳಗೇ ಇಳಿಯುತ್ತದೆ. ಎಪ್ಪತ್ತು ವರ್ಷ ಇಳಿದ ಊರನ್ನು ವಿಮಾನ ಹತ್ತಿಸಿ ತರಲಾಗುವುದಿಲ್ಲ.

ಅಣ್ಣನ ಹತ್ತಿರ ಕ್ಷಮೆ ಕೇಳಿ, ಮನೆ ಮಾರುವ ಮಾತು ಬಿಟ್ಟು, ಸಮಾಧಾನದಿಂದ ವಾಪಸ್ಸು ಬಂದೆ. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

2023ರ ಬೇಸಿಗೆಯಲ್ಲಿ ಮನೆಗೆಲಸದಾಕೆ ಮಗಳ ಬಾಣಂತನಕ್ಕೆಂದು ಒಂದು ತಿಂಗಳು ಊರಿಗೆ ಹೋದಳು. ಹದಿನೈದು ದಿನದಲ್ಲಿ ಅತ್ತಿಗೆಯ ಫೋನ್ ಬಂತು. ಕರೆಂಟ್ ಬಿಲ್ಲು ಕಟ್ಟಿಲ್ಲ. ಬಿ.ಪಿ. ಮಾತ್ರೆ ಒಂದು ದಿನ ಎರಡು ಸಲ, ಇನ್ನೊಂದು ದಿನ ಇಲ್ಲವೇ ಇಲ್ಲ. ಸಾರಿಗೆ ಎರಡು ಸಲ ಉಪ್ಪು. ಆಮೇಲೆ ತಿಳಿಯಿತು: ವರ್ಷಗಳಿಂದ ಮಾತ್ರೆ ತೆಗೆದು ಕೈಗೆ ಕೊಡುತ್ತಿದ್ದವಳು, "ಅಮ್ಮಾವ್ರೇ, ಉಪ್ಪು ಹಾಕಾಯ್ತು" ಎನ್ನುತ್ತಿದ್ದವಳು ಅವಳೇ. ಯಾರೂ ಹೇಳಿಕೊಟ್ಟದ್ದಲ್ಲ, ಅವಳಿಗೂ ತಾನು ಏನೋ ದೊಡ್ಡದು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಅಮ್ಮನ ನೆನಪಿನ ಒಂದು ಭಾಗ ಅವಳ ಹತ್ತಿರ ಇತ್ತು. ಇನ್ನೊಂದು ಭಾಗ ಗೋಡೆಯ ಕ್ಯಾಲೆಂಡರಿನಲ್ಲಿ, ಮತ್ತೊಂದು ಎದುರುಮನೆಯವರಲ್ಲಿ. ಮೈಸೂರಿನಲ್ಲಿ ನರರೋಗ ತಜ್ಞರು ಕನ್ನಡದಲ್ಲಿಯೇ, ನಿಧಾನವಾಗಿ ಪರೀಕ್ಷಿಸಿದರು. ಬಿ-12 ಜೀವಸತ್ವ ಕಡಿಮೆ ಇತ್ತು. ಅದನ್ನು ಸರಿಪಡಿಸಿದ ಮೇಲೂ ನೆನಪಿನಲ್ಲಿ ಅಲ್ಪ ಕುಂದು ಇದೆ ಎಂದು ಖಚಿತವಾಯಿತು. ಸಟನ್ನಿನಲ್ಲಿ ಇದ್ದುದಕ್ಕಿಂತ ಹೆಚ್ಚು ರೋಗ ಕಂಡೆ, ಹೊಳೆನರಸೀಪುರದಲ್ಲಿ ಇದ್ದದ್ದೂ ಕಾಣಲಿಲ್ಲ. ಎರಡು ಸಲವೂ ನಾನು ನೋಡಿದ್ದು ತಾಯಿಯನ್ನು ಮಾತ್ರ. ಅವರ ಸುತ್ತ ಏನಿದೆ, ಏನಿಲ್ಲ ಎಂದು ನೋಡಲಿಲ್ಲ.

ಮನೆಯಲ್ಲಿ ಹಿರಿಯರಿರುವವರಿಗೆ ವೈದ್ಯನಾಗಿ ಎರಡು ಮಾತು. ಇಲ್ಲಿನ ಮೆಮೊರಿ ಕ್ಲಿನಿಕ್ಕಿಗೆ ಹೋಗುವಾಗ ಕನ್ನಡ ದುಭಾಷಿ ಬೇಕೆಂದು ಮೊದಲೇ ಹೇಳಿ. ಎನ್‌ಎಚ್‌ಎಸ್ ರೋಗಿಗಳಿಗೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮಗನೋ ಸೊಸೆಯೋ ಅನುವಾದಕ್ಕೆ ಕೂರಬೇಡಿ, ನಮಗೇ ಗೊತ್ತಾಗದಂತೆ ಉತ್ತರ ಸರಿಮಾಡಿಬಿಡುತ್ತೇವೆ. ಎಷ್ಟು ಓದಿದ್ದಾರೆಂದು ತಿಳಿಸಿ. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಬಿ-12, ಥೈರಾಯ್ಡ್ ನೋಡಿದ್ದಾರೆಯೇ ಕೇಳಿ. ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಸಾಮಾನ್ಯ. ಸಿಡ್ನಿಯಲ್ಲಿ ವಲಸೆ ಬಂದವರನ್ನು ಗಮನದಲ್ಲಿಟ್ಟು ಮಾಡಿದ ‘ರುಡಾಸ್’ ಎಂಬ ಪರೀಕ್ಷೆ 2004ರಿಂದ ಇದೆ. ಅದರಲ್ಲಿ ಅಂಗಡಿ ಸಾಮಾನು ನೆನಪಿಡುವುದು, ರಸ್ತೆ ದಾಟುವುದು ಹೇಗೆಂದು ಹೇಳುವುದು ಇಂಥವು ಬರುತ್ತವೆ. ಭಾರತದಲ್ಲಿ ಐ.ಸಿ.ಎಂ.ಆರ್. ಆಶ್ರಯದಲ್ಲಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳು ಸಿದ್ಧವಾಗಿವೆ. ಅದರಲ್ಲಿ ದುಡಿದ ಡಾ. ಸುವರ್ಣಾ ಅಲ್ಲಾಡಿಯವರು ಹಿಂದೆ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತೆಂದು 2013ರಲ್ಲಿ ಬರೆದರು. ಅಕ್ಷರ ಬಾರದವರಲ್ಲೂ ಹಾಗೆಯೇ. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ನರ್ಸರಿಯ ಸಲಹೆ ಕೇಳಿ ಕನ್ನಡ ಬಿಟ್ಟ ನಾನು ಮಾತ್ರ ಆ ಲೇಖನವನ್ನು ಎರಡು ಸಲ ಓದಿದೆ.

ಈಗ ಪ್ರತಿ ಶನಿವಾರ ಬೆಳಿಗ್ಗೆ ಮಗ ಅಜ್ಜಿಗೆ ವಿಡಿಯೋ ಫೋನ್ ಮಾಡುತ್ತಾನೆ. ನಾವು ಮನೆಯಲ್ಲಿ ಮತ್ತೆ ಕನ್ನಡ ಶುರುಮಾಡಿದ್ದೇವೆ, ತಡವಾಗಿ, ತೊದಲುತ್ತಾ. ಅಜ್ಜಿ ಒಂದೇ ಕಥೆಯನ್ನು ಮೂರು ಸಲ ಹೇಳುತ್ತಾರೆ. ಅವನಿಗೂ ಮೂರನೆಯ ಸಲಕ್ಕೆ ಪೂರ್ತಿ ಅರ್ಥವಾಗುತ್ತದೆ. ಕಳೆದ ವಾರ ಹದಿನೈದು ಚುಕ್ಕಿಯ ರಂಗೋಲಿ ಎಲ್ಲಿಂದ ಎಳೆ ಶುರುಮಾಡಬೇಕು ಎಂದು ಕೇಳಿದ. ಅವರು ಬಾಯಲ್ಲಿ ಹೇಳಲು ಹೋಗಿ ಸಿಕ್ಕಿಕೊಂಡರು, ಆಮೇಲೆ ಫೋನನ್ನು ಮನೆಗೆಲಸದಾಕೆಯ ಕೈಗೆ ಕೊಟ್ಟು, ನೆಲದ ಮೇಲೆ ಕುಳಿತು ಹಾಕಿ ತೋರಿಸಿದರು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಹತ್ತು ನಿಮಿಷ ಎಂದೋ ಕಳೆಯಿತು.